ಕನ್ನಡ ವಾಕ್ಯವು ಮುಗಿಯುವ ಬಗೆ

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ರೈತನೊಬ್ಬನು ಬೆಳಗ್ಗೆ ಹೊಲದ ಕಡೆ ನೋಡಿ “ಮಳೆ ಬಂದೈತೆ” ಎನ್ನುತ್ತಾನೆ. ಅವನ ಮಗನು ಶಾಲೆಯಲ್ಲಿ ಅದೇ ಸಂಗತಿಯನ್ನು “ಮಳೆ ಬಂದಿದೆ” ಎಂದು ಬರೆಯುತ್ತಾನೆ. ಧಾರವಾಡದ ಕಡೆಯವರು “ಮಳಿ ಬಂದೈತಿ” ಎನ್ನುವರು. ಕಲಬುರಗಿಯ ಕಡೆ “ಬಂದದ” ಎಂಬುದು ಕೇಳಿಬರುವುದು. ಮಳೆಯೊಂದೇ, ಬಂದುದೂ ಒಂದೇ. ಬೇರೆಯಾದುದು ವಾಕ್ಯದ ಕೊನೆಯ ಒಂದೆರಡು ಅಕ್ಷರಗಳು ಮಾತ್ರ. ಈ ಒಂದೆರಡು ಅಕ್ಷರಗಳಿಗಾಗಿ ಎಷ್ಟೋ ಮಕ್ಕಳು ಶಾಲೆಯಲ್ಲಿ ಬೈಸಿಕೊಂಡಿದ್ದಾರೆ. ಪುಸ್ತಕದ ರೂಪವು ಶುದ್ಧ, ಮನೆಯ ರೂಪವು ಅಪಭ್ರಂಶ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದು ನಿಜವೇ? ಕನ್ನಡದ ಕ್ರಿಯಾಪದಗಳ ಅಂತ್ಯರೂಪಗಳು ಹದಿನೈದು ಶತಮಾನಗಳಲ್ಲಿ ಹೇಗೆ ಬದಲಾಗುತ್ತ ಬಂದಿವೆ ಎಂಬುದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ವಾಕ್ಯದ ಭಾರ ಹೊರುವ ತುದಿ

ಕನ್ನಡದಲ್ಲಿ ವಾಕ್ಯವು ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ. ಆ ಕ್ರಿಯಾಪದದಲ್ಲಿ ಮೊದಲು ಧಾತು, ಬಳಿಕ ಕಾಲವನ್ನು ಸೂಚಿಸುವ ಪ್ರತ್ಯಯ, ಕಟ್ಟಕಡೆಗೆ ಕರ್ತೃವನ್ನು ಸೂಚಿಸುವ ಪ್ರತ್ಯಯ ಹೀಗೆ ಮೂರು ಭಾಗಗಳು ಸಾಲುಗಟ್ಟಿ ನಿಲ್ಲುತ್ತವೆ. “ನೋಡಿದಳು” ಎಂಬ ಒಂದೇ ಪದದಿಂದ ಕೆಲಸ ಯಾವುದು, ಅದು ನಡೆದುದು ಯಾವಾಗ, ಮಾಡಿದವರು ಒಬ್ಬರೋ ಹಲವರೋ, ಗಂಡೋ ಹೆಣ್ಣೋ ಎಂಬುದೆಲ್ಲ ತಿಳಿಯುತ್ತದೆ. ಹಿರಿಯರೊಬ್ಬರೇ ಬಂದಿದ್ದರೂ “ಬಂದರು” ಎನ್ನುವ ಮೂಲಕ ಗೌರವವನ್ನೂ ಅದೇ ತುದಿಯು ತಿಳಿಸುತ್ತದೆ.

ಇಷ್ಟು ಹೊರೆ ಹೊರುವ ಭಾಗವು ಗಟ್ಟಿಯಾಗಿರಬೇಕೆಂದು ತೋರುವುದು ಸಹಜ. ಆದರೆ ನಡೆಯುವುದು ಇದಕ್ಕೆ ವಿರುದ್ಧ. ಮಾತಿನಲ್ಲಿ ಉಸಿರು ಇಳಿಯುವುದು ವಾಕ್ಯದ ಕೊನೆಯಲ್ಲಿ. ಮೇಲಾಗಿ ಈ ಪ್ರತ್ಯಯಗಳು ಪ್ರತಿ ವಾಕ್ಯದಲ್ಲಿಯೂ ಬರುವುದರಿಂದ, ಬಹಳ ಕೈಬದಲಾದ ನಾಣ್ಯದ ಅಂಚಿನಂತೆ, ಬೇಗ ಸವೆಯುತ್ತವೆ. ಸವೆದ ರೂಪವು ಅರ್ಥವನ್ನು ಸ್ಪಷ್ಟವಾಗಿ ತಿಳಿಸಲಾರದೆ ಹೋದಾಗ ಜನರು ಪಕ್ಕದಲ್ಲಿ ಒಂದು ಸಹಾಯಕ ಕ್ರಿಯೆಯನ್ನು ಸೇರಿಸುತ್ತಾರೆ. ಕ್ರಮೇಣ ಆ ಸಹಾಯಕ ಕ್ರಿಯೆಯೂ ಸವೆದು ಹೊಸ ಪ್ರತ್ಯಯವಾಗುತ್ತದೆ. ಸವೆತ, ಬೆಸುಗೆ, ಮತ್ತೆ ಸವೆತ: ಕನ್ನಡ ವಾಕ್ಯದ ಕೊನೆಯ ಚರಿತ್ರೆ ಇಷ್ಟೇ.

ಕಲ್ಲಿನಲ್ಲಿ ಉಳಿದ ಸಾಕ್ಷ್ಯ

ಚಿತ್ರದುರ್ಗದ ನೆಲದಲ್ಲಿ ಬರಹದ ಸಾಕ್ಷ್ಯ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಿವೆ. ದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಆದರೆ ಇವೆಲ್ಲವೂ ಪ್ರಾಕೃತ ಭಾಷೆಯವು. ಸುತ್ತಲಿನ ಜನ ಆಡುತ್ತಿದ್ದ ಮಾತಿನ ಕ್ರಿಯಾಪದಗಳು ಅವುಗಳಲ್ಲಿ ಕಾಣಸಿಗುವುದಿಲ್ಲ. ಚಿತ್ರದುರ್ಗಕ್ಕೆ ಸಮೀಪದ ತಮಟಕಲ್ಲಿನಲ್ಲಿ ಗುಣಮಧುರನೆಂಬ ವೀರನನ್ನು ಹೊಗಳುವ ಶಾಸನವು ಸುಮಾರು 5-6ನೆಯ ಶತಮಾನದ್ದು. ಅದು ಕನ್ನಡ ಪದ್ಯದಲ್ಲಿದೆ. ಎಪಿಗ್ರಾಫಿಯ ಕರ್ನಾಟಿಕ ಮಾಲೆಯ 11ನೆಯ ಸಂಪುಟವು ಪೂರ್ತಿಯಾಗಿ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ.

ಭಾಷಾಚರಿತ್ರೆಗೆ ಪದ್ಯಕ್ಕಿಂತ ಗದ್ಯದ ದಾನಶಾಸನವೇ ಹೆಚ್ಚು ಉಪಯುಕ್ತ. ಕವಿಯು ಛಂದಸ್ಸಿನ ಸಲುವಾಗಿಯೂ ಸಂಪ್ರದಾಯದ ಸಲುವಾಗಿಯೂ ಹಳೆಯ ರೂಪಗಳನ್ನು ಕಾಪಾಡಿಕೊಳ್ಳುತ್ತಾನೆ. ದಾನ ಕೊಟ್ಟುದನ್ನು ಬರೆಯಿಸುವವನಿಗೆ ಮಾತು ಊರವರಿಗೆ ತಿಳಿದರೆ ಸಾಕು. ಇಂಥ ಗದ್ಯಶಾಸನಗಳಲ್ಲಿ ಬಹು ಪ್ರಾಚೀನವೆಂದು ಪ್ರಸಿದ್ಧವಾದುದು ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ. ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಈ ಶಾಸನದ ಕಾಲ ಸುಮಾರು ಕ್ರಿ.ಶ. 450. ಅದರಲ್ಲಿ “ಕೊಟ್ಟಾರ್” ಎಂಬ ಕ್ರಿಯಾಪದವಿದೆ. ಅಲ್ಲಿಯ ದೀರ್ಘವನ್ನು ಗಮನಿಸಬೇಕು. ತಮಿಳರು ಇಂದಿಗೂ “ವಂದಾನ್, ವಂದಾರ್” ಎಂದು ದೀರ್ಘವಾಗಿಯೇ ಬರೆಯುತ್ತಾರೆ. ಕನ್ನಡವು ಆ ದೀರ್ಘವನ್ನು ಬೇಗನೆ ಕಳೆದುಕೊಂಡಿತು.

ಒಂದೇ ಪದವು ಕಾಲದಿಂದ ಕಾಲಕ್ಕೆ ನಡೆದ ದಾರಿಯನ್ನು ಹೀಗೆ ಗುರುತಿಸಬಹುದು:

ಅತಿ ಪ್ರಾಚೀನ ಶಾಸನಗಳಲ್ಲಿ: ಕೊಟ್ಟಾರ್
ಹಳಗನ್ನಡದಲ್ಲಿ: ಕೊಟ್ಟರ್
ನಡುಗನ್ನಡದಲ್ಲಿಯೂ ಇಂದಿನ ಬರಹದಲ್ಲಿಯೂ: ಕೊಟ್ಟರು
ಇಂದಿನ ಮಾತಿನಲ್ಲಿ: ಕೊಟ್ರು

ಮೊದಲ ಹೆಜ್ಜೆಯಲ್ಲಿ ದೀರ್ಘವು ಹ್ರಸ್ವವಾಯಿತು. ಎರಡನೆಯ ಹೆಜ್ಜೆಯಲ್ಲಿ ವ್ಯಂಜನದಿಂದ ಮುಗಿಯುವ ಪದಗಳಿಗೆಲ್ಲ ಒಂದು ಉಕಾರ ಸೇರಿತು. ಕಣ್ ಎಂಬುದು ಕಣ್ಣು ಆಯಿತು, ಪಾಲ್ ಎಂಬುದು ಹಾಲು ಆಯಿತು. ಹಾಗೆಯೇ ಬಂದಳ್ ಎಂಬುದು ಬಂದಳು ಆಯಿತು. ಮೂರನೆಯ ಹೆಜ್ಜೆಯಲ್ಲಿ ನಡುವಣ ಸ್ವರವೇ ಬಿದ್ದುಹೋಯಿತು. “ಕೊಟ್ರು” ಎಂಬುದು ಅಶುದ್ಧವಾದರೆ “ಕೊಟ್ಟರು” ಎಂಬುದನ್ನೂ ಅಶುದ್ಧವೆನ್ನಬೇಕಾಗುವುದು. ಪಂಪನು 941ರಲ್ಲಿ ಕಾವ್ಯ ಬರೆದಾಗ ಶಿಷ್ಟವಾಗಿದ್ದ ರೂಪ “ಕೊಟ್ಟರ್”. ಹಲ್ಮಿಡಿಯ ಲಿಪಿಕಾರನಿಗೆ ಪಂಪನ ರೂಪವೂ ಸವೆದುದಾಗಿಯೇ ತೋರುತ್ತಿತ್ತು!

ಸವೆತದಿಂದ ಆಗುವ ತೊಡಕೂ ಉಂಟು. ಹಳಗನ್ನಡದಲ್ಲಿ “ಬಂದೆಂ” ಎಂದರೆ ನಾನು ಬಂದೆ. “ಬಂದಯ್” ಎಂದರೆ ನೀನು ಬಂದೆ. ಎರಡೂ ಸವೆದು ಇಂದು “ಬಂದೆ” ಎಂಬ ಒಂದೇ ರೂಪವಾಗಿವೆ. ಆದ್ದರಿಂದ ಹಳಗನ್ನಡದಲ್ಲಿ ಬೇಕಿಲ್ಲದಿದ್ದ “ನಾನು”, “ನೀನು” ಎಂಬ ಸರ್ವನಾಮಗಳು ಈಗ ಅನೇಕ ವೇಳೆ ಅಗತ್ಯವಾಗಿವೆ. ಧಾರವಾಡದ ಕಡೆಯವರು “ನೀ ಬಂದಿ” ಎಂದು ಇಕಾರದಿಂದ ಮುಗಿಸಿ ಈ ಭೇದವನ್ನು ಉಳಿಸಿಕೊಂಡಿದ್ದಾರೆ. ಪುಸ್ತಕದ ಭಾಷೆ ಕಳೆದುಕೊಂಡುದನ್ನು ಆಡುಮಾತು ಉಳಿಸಿಕೊಂಡುದಕ್ಕೆ ಇದೊಂದು ನಿದರ್ಶನ.

ವರ್ತಮಾನಕಾಲದ ಪುನರ್ಜನ್ಮ

ಭೂತಕಾಲದ ರೂಪವು ಸವೆದರೂ ಅದರ ಮೈಕಟ್ಟು ಬದಲಾಗಲಿಲ್ಲ. ವರ್ತಮಾನಕಾಲದ ಕಥೆ ಬೇರೆ. ಅದು ಪೂರ್ತಿಯಾಗಿ ಹೊಸದಾಗಿ ಹುಟ್ಟಿತು.

ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಭೂತ, ವರ್ತಮಾನ, ಭವಿಷ್ಯತ್ಕಾಲಗಳಿಗೆ ಕ್ರಮವಾಗಿ ದ, ದಪ, ವ ಎಂಬ ಚಿಹ್ನೆಗಳನ್ನು ಹೇಳುತ್ತಾನೆ. ನೋಡಿದಂ ಎಂದರೆ ನೋಡಿದನು; ನೋಡಿದಪಂ ಎಂದರೆ ನೋಡುತ್ತಾನೆ; ನೋಡುವಂ ಎಂದರೆ ನೋಡುವನು. ನಡುವಣ “ದಪ” ಎಂಬುದು ಮೂಲದಲ್ಲಿ ಒಂದೇ ಪ್ರತ್ಯಯವಲ್ಲ. ಭೂತಕಾಲದ ರೂಪಕ್ಕೆ “ಆಗು” ಧಾತುವಿನ “ಅಪ್ಪಂ” ಎಂಬ ರೂಪವು ಬೆಸೆದು ಹೀಗಾಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಎಂದರೆ ಹಳಗನ್ನಡದ ವರ್ತಮಾನಕಾಲವೂ ಒಂದು ಕಾಲದ ಬೆಸುಗೆಯೇ.

ಆ ಬೆಸುಗೆ ಹಳೆಯದಾದಾಗ ಜನರು ಇನ್ನೊಂದನ್ನು ಮಾಡಿಕೊಂಡರು. “ಬರುತ್ತ” ಎಂಬ ರೂಪದ ಪಕ್ಕದಲ್ಲಿ “ಇರು” ಧಾತುವನ್ನು ನಿಲ್ಲಿಸಿ, ನಡೆಯುತ್ತಿರುವ ಕೆಲಸವನ್ನು ಸೂಚಿಸತೊಡಗಿದರು. ಈ “ಇರು” ಧಾತುವಿನ ರೂಪವು ಇರ್ಪಂ, ಇಪ್ಪನು, ಇಹನು ಎಂದು ಮೆಲ್ಲಮೆಲ್ಲನೆ ಹಗುರಾಯಿತು. ಇದರೊಳಗಿನ ಪಕಾರವು ಹಕಾರವಾದುದು ಇಡೀ ಭಾಷೆಯಲ್ಲಿ ನಡೆದ ಬದಲಾವಣೆಯ ಒಂದಂಶ. ಅದು 10ನೆಯ ಶತಮಾನದಿಂದ ಅಲ್ಲಲ್ಲಿ ತಲೆದೋರಿ, 13-14ನೆಯ ಶತಮಾನಗಳ ಹೊತ್ತಿಗೆ ಹರಡಿತು. ನಡುಗನ್ನಡ ಕಾವ್ಯಗಳಲ್ಲಿ “ಬರುತಿಹನು” ಎಂಬಂಥ ರೂಪಗಳು ಹೇರಳವಾಗಿವೆ. ಇಂದಿನ “ಬರುತ್ತಾನೆ” ಎಂಬುದರಲ್ಲಿಯೂ “ಬರುತ್ತ” ಎಂಬ ಭಾಗವು ಸ್ಪಷ್ಟವಾಗಿದೆ. ಅದರ ಬೆನ್ನಿಗಿದ್ದ ಸಹಾಯಕ ಕ್ರಿಯೆಯು ಮಾತ್ರ “ಆನೆ” ಎಂಬಷ್ಟಕ್ಕೆ ಕುಗ್ಗಿದೆ. ಆಡುಮಾತಿನ “ಬರ್ತಾನೆ”, “ಬತ್ತಾನೆ”, ಉತ್ತರದ “ಬರ್ತಾನ” ಎಂಬುವು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ನಡೆದಿವೆ.

ಹೊಸ ವರ್ತಮಾನವು ಬಲಗೊಂಡುದರಿಂದ ಭವಿಷ್ಯತ್ಕಾಲವು ಹಿಂದೆ ಸರಿಯಿತು. “ನಾಳೆ ಬರುವೆನು” ಎಂದು ಬರೆಯುವವರುಂಟು. ಆಡುವವರು ಬಹು ವಿರಳ. “ನಾಳೆ ಬರ್ತೀನಿ” ಎಂಬುದೇ ಎಲ್ಲೆಲ್ಲಿಯೂ ಕೇಳಿಬರುವ ಮಾತು.

ಅಳಿದ ನಿಷೇಧ

ಹಳಗನ್ನಡದ ನಿಷೇಧರೂಪವು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಅತ್ಯಂತ ಕುತೂಹಲಕರವಾದುದು. “ನೋಡಿದೆಂ” ಎಂದರೆ ನೋಡಿದೆನು. “ನೋಡುವೆಂ” ಎಂದರೆ ನೋಡುವೆನು. “ನೋಡೆಂ” ಎಂದರೆ ನೋಡೆನು, ಎಂದರೆ ನೋಡುವುದಿಲ್ಲ! ಇದರಲ್ಲಿ “ಇಲ್ಲ” ಎಂಬ ಅರ್ಥದ ಅಕ್ಷರ ಯಾವುದು? ಯಾವುದೂ ಇಲ್ಲ. ಧಾತುವಿಗೂ ಕರ್ತೃಸೂಚಕಕ್ಕೂ ನಡುವೆ ಕಾಲಸೂಚಕವು ಇರಬೇಕಾದ ಸ್ಥಳವು ಬರಿದಾಗಿದೆ. ಯಾವ ಕಾಲದಲ್ಲಿಯೂ ನಡೆಯದ ಕೆಲಸಕ್ಕೆ ಕಾಲದ ಚಿಹ್ನೆಯೇಕೆ? ಆ ಬರಿದಾದ ಸ್ಥಳವೇ ನಿಷೇಧವನ್ನು ಸೂಚಿಸುತ್ತದೆ.

ಜಾಣತನದ ಈ ಏರ್ಪಾಟಿನಲ್ಲಿ ಒಂದು ಕೊರತೆಯಿತ್ತು. “ಬಾರೆಂ” ಎಂದರೆ ನಿನ್ನೆ ಬರಲಿಲ್ಲವೋ, ನಾಳೆ ಬರುವುದಿಲ್ಲವೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕಾಗಿತ್ತು. ಹೊಸಗನ್ನಡವು “ಇಲ್ಲ” ಎಂಬ ಪದವನ್ನು ತಂದು ಸೇರಿಸಿ ಈ ಕೊರತೆಯನ್ನು ತುಂಬಿಕೊಂಡಿತು: ಬರಲಿಲ್ಲ, ಬರುವುದಿಲ್ಲ. ಕಾಲಭೇದವು ಲಾಭವಾಯಿತು, ಆದರೆ ಕರ್ತೃವಿನ ಗುರುತು ನಷ್ಟವಾಯಿತು. ನಾನು ಬರಲಿಲ್ಲ, ನೀನು ಬರಲಿಲ್ಲ, ಅವರು ಬರಲಿಲ್ಲ: ಎಲ್ಲರಿಗೂ ಒಂದೇ ರೂಪ. ಈ ಹೊಸ ರೂಪವೂ ಈಗ ಸವೆಯುತ್ತಿದೆ. ಬರುವುದಿಲ್ಲ, ಬರೋದಿಲ್ಲ, ಬರೋಲ್ಲ, ಬರಲ್ಲ ಎಂಬ ನಾಲ್ಕೂ ರೂಪಗಳು ಇಂದು ಒಂದೇ ಮನೆಯಲ್ಲಿ ಕೇಳಿಬರಬಹುದು. ಧಾರವಾಡದ ಕಡೆಯ “ಬರಂಗಿಲ್ಲ” ಎಂಬುದು ಬೇರೊಂದು ಬೆಸುಗೆ.

ಹಳೆಯ ನಿಷೇಧವು ಪೂರ್ತಿಯಾಗಿ ಸತ್ತಿಲ್ಲ. ಅರಿಯೆ, ಒಲ್ಲೆ, ಬಾರದು, ಕೂಡದು, ಸಾಲದು ಎಂಬ ಪದಗಳಲ್ಲಿ ಅದು ಉಸಿರಾಡುತ್ತಿದೆ. “ಕಾಣೆ” ಎಂದರೆ ನಾನು ಕಾಣೆನು ಎಂಬ ಪೂರ್ಣವಾಕ್ಯ. ಪತ್ರಿಕೆಗಳಲ್ಲಿ “ಕಾಣೆಯಾಗಿದ್ದಾರೆ” ಎಂದು ಪ್ರಕಟಣೆ ಬರುವಾಗ ಅದೇ ಹಳೆಯ ವಾಕ್ಯವು ನಾಮಪದದ ವೇಷದಲ್ಲಿ ಕುಳಿತಿರುತ್ತದೆ.

ನಾಲಗೆಯ ಮೇಲಿನ ಪಳೆಯುಳಿಕೆಗಳು

ಭೂವಿಜ್ಞಾನಿಯು ಕಲ್ಲಿನ ಪದರಗಳಲ್ಲಿ ಹಿಂದಿನ ಜೀವಿಗಳ ಅವಶೇಷಗಳನ್ನು ಹುಡುಕುತ್ತಾನೆ. ಭಾಷಾವಿಜ್ಞಾನಿಗೆ ಅಂಥ ಅವಶೇಷಗಳು ದಿನಬಳಕೆಯ ಅತಿ ಚಿಕ್ಕ ಪದಗಳಲ್ಲಿ ದೊರೆಯುತ್ತವೆ. ಅಂಗಡಿಯಲ್ಲಾಗಲಿ ಊಟದ ಪಂಕ್ತಿಯಲ್ಲಾಗಲಿ ನಾವು ಕ್ಷಣಕ್ಕೊಮ್ಮೆ ಆಡುವ ಮೂರು ಮಾತುಗಳನ್ನು ತೆಗೆದುಕೊಳ್ಳೋಣ: ಬೇಕು, ಸಾಕು, ಹೌದು.

ಹಳಗನ್ನಡದಲ್ಲಿ ಗುಂ, ಕುಂ, ಉಂ ಎಂಬ ಒಂದು ಅಂತ್ಯರೂಪವಿತ್ತು. ಇತರ ಪ್ರತ್ಯಯಗಳಂತೆ ಅದು ಗಂಡು ಹೆಣ್ಣು ಎಂಬ ಭೇದವನ್ನಾಗಲಿ ಒಂದು ಹಲವು ಎಂಬ ಭೇದವನ್ನಾಗಲಿ ತೋರಿಸುತ್ತಿರಲಿಲ್ಲ. ಆಗುತ್ತದೆ, ಆಗುವುದು ಎಂಬ ಸಾಮಾನ್ಯಾರ್ಥವನ್ನು ಕೊಡುತ್ತಿತ್ತು. ಇದು ಬಳಕೆಯಿಂದ ಮರೆಯಾಗಿ ಶತಮಾನಗಳೇ ಸಂದಿವೆ. ಆದರೆ “ಬೇಡು” ಎಂಬ ಅರ್ಥದ ಧಾತುವಿಗೆ ಅದು ಸೇರಿ ಆದ “ಬೇೞ್ಕುಂ” ಎಂಬ ರೂಪವು ನಡುವಣ ೞಕಾರವನ್ನೂ ಕೊನೆಯ ಅನುಸ್ವಾರವನ್ನೂ ಕಳೆದುಕೊಂಡು “ಬೇಕು” ಎಂದಾಗಿ ಉಳಿದಿದೆ. “ಸಾಲು” ಎಂಬ ಧಾತುವಿನ “ಸಾಲ್ಕುಂ” ಎಂಬುದು “ಸಾಕು” ಎಂದಾಗಿದೆ. ಸಾಕು ಎಂಬುದಕ್ಕೆ ಸಾಲದು ಎಂಬುದು ಏಕೆ ವಿರುದ್ಧಪದವಾಯಿತೆಂಬುದು ಇದರಿಂದ ಬಗೆಹರಿಯುತ್ತದೆ. ಎರಡೂ ಒಂದೇ ಧಾತುವಿನ ವಿಧಿ ಮತ್ತು ನಿಷೇಧ.

“ಹೌದು” ಎಂಬುದು “ಆಗು” ಧಾತುವಿನದು. “ಅಪ್ಪುದು” ಎಂದರೆ ಆಗುವುದು. ಪಕಾರವು ಹಕಾರವಾಗಿ ಅದು “ಅಹುದು” ಆಯಿತು. ಅಕ್ಷರಗಳು ಸ್ಥಳ ಬದಲಿಸಿ “ಹೌದು” ಆಯಿತು. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಹವ್ಯಕರು ತಮ್ಮ ಮನೆಮಾತಿನಲ್ಲಿ ಇಂದಿಗೂ ಹೌದು ಎನ್ನುವುದಕ್ಕೆ “ಅಪ್ಪು” ಎನ್ನುತ್ತಾರೆ. ಆಗಬಹುದು ಎನ್ನುವುದಕ್ಕೆ “ಅಕ್ಕು” ಎನ್ನುತ್ತಾರೆ. ಹಳಗನ್ನಡದ ಅಪ್ಪುದು, ಅಕ್ಕುಂ ಎಂಬ ರೂಪಗಳು ಆ ಮನೆಗಳಲ್ಲಿ ಇನ್ನೂ ಓಡಾಡುತ್ತಿವೆ.

ಕನ್ನಡಾಭಿಮಾನಿಗಳ ಘೋಷಣೆಯಾದ “ಸಿರಿಗನ್ನಡಂ ಗೆಲ್ಗೆ” ಎಂಬುದರಲ್ಲಿಯೂ ಇಂಥದೊಂದು ಉಳಿಕೆಯಿದೆ. ಹಾರೈಕೆಗೆ ಹಳಗನ್ನಡದಲ್ಲಿದ್ದ ಪ್ರತ್ಯಯ “ಗೆ”, ಇಂದಿನದು “ಅಲಿ”. ಗೆಲ್ಗೆ ಎಂದರೆ ಗೆಲ್ಲಲಿ. ಮನೆಯಲ್ಲಿ ಯಾರೂ ಹಾಗೆ ಆಡದಿದ್ದರೂ ನವೆಂಬರ್ 1ರಂದು ನಾಡೆಲ್ಲ ಅದನ್ನು ಆಡುತ್ತದೆ.

ಜಪಾನೀ ಭಾಷೆಯ ಹೋಲಿಕೆ

ಇದು ಕನ್ನಡಕ್ಕೆ ಮಾತ್ರ ವಿಶಿಷ್ಟವಾದ ವಿಧಿಯಲ್ಲ. ಕನ್ನಡದಂತೆಯೇ ಕ್ರಿಯೆಯನ್ನು ವಾಕ್ಯದ ಕೊನೆಯಲ್ಲಿಡುವ ಜಪಾನೀ ಭಾಷೆಯನ್ನು ನೋಡಬಹುದು. ಪ್ರಾಚೀನ ಜಪಾನೀ ಭಾಷೆಯಲ್ಲಿ ವಾಕ್ಯವನ್ನು ಮುಗಿಸುವ ರೂಪವೂ ನಾಮಪದಕ್ಕೆ ವಿಶೇಷಣವಾಗುವ ರೂಪವೂ ಬೇರೆ ಬೇರೆಯಾಗಿದ್ದುವು. “ಬೆಟ್ಟವು ಎತ್ತರವಾಗಿದೆ” ಎನ್ನುವಲ್ಲಿ “ತಕಶಿ” ಎಂದೂ “ಎತ್ತರವಾದ ಬೆಟ್ಟ” ಎನ್ನುವಲ್ಲಿ “ತಕಕಿ” ಎಂದೂ ಹೇಳುತ್ತಿದ್ದರು. ಮಧ್ಯಯುಗದಲ್ಲಿ ವಿಶೇಷಣರೂಪವು ವಾಕ್ಯಾಂತ್ಯದ ಸ್ಥಾನವನ್ನೂ ಆಕ್ರಮಿಸಿತು. “ತಕಕಿ” ಎಂಬುದು ಸವೆದು ಆದ “ತಕಾಯಿ” ಎಂಬುದೇ ಇಂದು ಎರಡು ಕಡೆಯೂ ಬರುತ್ತದೆ.

ಕನ್ನಡದಲ್ಲಿಯೂ ಇದಕ್ಕೆ ಸಮೀಪವಾದ ಸಂಗತಿಯುಂಟು. ಹಳಗನ್ನಡದ “ಬಂದುದು” ಎಂಬುದು “ಅದು ಬಂದಿತು” ಎಂಬ ಪೂರ್ಣಕ್ರಿಯೆಯೂ ಆಗಬಲ್ಲುದು. “ಬಂದಂಥ ವಸ್ತು” ಎಂಬ ನಾಮವೂ ಆಗಬಲ್ಲುದು. ಹೊಸಗನ್ನಡವು ಬಂದಿತು, ಬಂತು ಎಂಬ ರೂಪಗಳನ್ನು ವಾಕ್ಯಾಂತ್ಯಕ್ಕೆ ಇಟ್ಟುಕೊಂಡು, ಬಂದುದು, ಬಂದದ್ದು ಎಂಬುವನ್ನು ನಾಮಕ್ಕೆ ಬಿಟ್ಟಿತು. ಜಪಾನೀ ಭಾಷೆಯು ಎರಡನ್ನು ಒಂದಾಗಿಸಿದರೆ ಕನ್ನಡವು ಒಂದನ್ನು ಎರಡಾಗಿಸಿತು.

ಬೆಸುಗೆಯ ಉದಾಹರಣೆಯೂ ಅಲ್ಲಿದೆ. “ಆಗಿದೆ” ಎಂಬರ್ಥದ “ದೆ ಅರು” ಎಂಬ ಎರಡು ಪದಗಳು ಸೇರಿ ಸವೆದು ಟೋಕಿಯೋ ಕಡೆ “ದ” ಎಂದೂ, ಕ್ಯೋಟೋ ಮತ್ತು ಒಸಾಕಾ ಕಡೆ “ಯ” ಎಂದೂ ಆದುವು. ನಮ್ಮಲ್ಲಿ ಇದೆ, ಐತೆ, ಐತಿ, ಅದ ಎಂಬ ಪ್ರಾಂತಭೇದಗಳಿರುವಂತೆ. ಜಪಾನಿನ ಲೇಖಕರು ಬಹುಕಾಲ ಹಳೆಯ ಅಂತ್ಯರೂಪಗಳಲ್ಲಿಯೇ ಬರೆಯುತ್ತಿದ್ದರು. 1887ರಲ್ಲಿ ಪ್ರಕಟವಾಗತೊಡಗಿದ ಫುತಬತೆಯಿ ಶಿಮೆಯಿಯ “ಉಕಿಗುಮೊ” ಎಂಬ ಕಾದಂಬರಿಯು ಆಡುಮಾತಿನ “ದ” ರೂಪವನ್ನು ಬರಹಕ್ಕೆ ತಂದ ಮೊದಲಿನ ಕೃತಿಗಳಲ್ಲೊಂದು. ಬರಹವೂ ಮಾತೂ ಒಂದಾಗಬೇಕೆಂಬ ಆ ಚಳವಳಿಯಲ್ಲಿ ಅತಿ ದೊಡ್ಡ ಚರ್ಚೆ ನಡೆದುದು ವಾಕ್ಯವನ್ನು ಹೇಗೆ ಮುಗಿಸಬೇಕೆಂಬುದರ ಬಗ್ಗೆಯೇ.

ಶುದ್ಧವೋ ಅಶುದ್ಧವೋ?

ಈಗ ತುರುವನೂರಿನ “ಐತೆ” ಎಂಬುದಕ್ಕೆ ಹಿಂದಿರುಗೋಣ. 1956ರಲ್ಲಿ ಕನ್ನಡನಾಡು ಒಂದಾಗುವ ಮೊದಲು ಚಿತ್ರದುರ್ಗವು ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿತ್ತು. ಅದರಾಚೆಗೆ ಬಳ್ಳಾರಿ, ಧಾರವಾಡಗಳ ಸೀಮೆ. ತೆಂಕಣ ಮಾತೂ ಬಡಗಣ ಮಾತೂ ಕೂಡುವ ಈ ನೆಲದಲ್ಲಿ ವಾಕ್ಯದ ಕೊನೆಗಳು ಬೆರೆಯುವುದು ಸಹಜವೇ ಆಗಿದೆ. “ಐತೆ” ಎಂಬುದು ಒಬ್ಬಿಬ್ಬರ ಸೋಮಾರಿತನದಿಂದ ಹುಟ್ಟಿದುದಲ್ಲ. ಬಂದೈತೆ, ಹೋಗೈತೆ, ಆಗೈತೆ ಎಂದು ಅದು ನಿಯಮಬದ್ಧವಾಗಿ ನಡೆಯುತ್ತದೆ. ಅದನ್ನು ಆಡುವ ಮಗುವು “ಅವನು ಬಂದೈತೆ” ಎಂದು ತಪ್ಪಿಯೂ ಹೇಳದು. ನಿಯಮವಿದ್ದಲ್ಲಿ ವ್ಯಾಕರಣವಿದೆ.

ಪ್ರಾಂತಭೇದವು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವೂ ಆಗಿರಲಿಲ್ಲ. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದಲ್ಲಿಯೇ ನಾಡಿನ ಕನ್ನಡಗಳು ಎಷ್ಟು ಬಗೆಯೆಂದರೆ ಸಾವಿರ ನಾಲಗೆಯ ಸರ್ಪರಾಜನೂ ಬೇಸರಪಡುವನೆಂಬ ಅಭಿಪ್ರಾಯವಿದೆ. ಆ ಗ್ರಂಥಕಾರನು ಕಾವ್ಯಕ್ಕೆ ಒಂದು ಶಿಷ್ಟರೂಪವನ್ನು ಬಯಸಿದನು. ಶಿಷ್ಟರೂಪವು ಬೇಕೆಂಬುದು ನ್ಯಾಯವೇ. ದೂರದೂರದ ಜನರು ಒಂದೇ ಪುಸ್ತಕವನ್ನು ಓದಬೇಕಾದರೆ, ಒಂದೇ ಕಾನೂನನ್ನು ತಿಳಿಯಬೇಕಾದರೆ, ಬರಹಕ್ಕೆ ಒಂದು ಸಾಮಾನ್ಯ ರೂಪವಿರಬೇಕು. ತುರುವನೂರಿನ ಬಾಲಕನು “ಬಂದಿದೆ” ಎಂಬುದನ್ನು ಕಲಿಯಲೇಬೇಕು. ಆದರೆ ಅದನ್ನು ಇನ್ನೊಂದು ರೂಪವೆಂದು ಕಲಿಸುವುದು ಒಂದು. ನಿನ್ನ ತಾಯಿಯ ಮಾತು ಕೆಟ್ಟದು ಎಂದು ಕಲಿಸುವುದು ಮತ್ತೊಂದು. ಮೊದಲನೆಯದು ಶಿಕ್ಷಣ. ಎರಡನೆಯದಕ್ಕೆ ಭಾಷಾಚರಿತ್ರೆಯಲ್ಲಿ ಯಾವ ಆಧಾರವೂ ಇಲ್ಲ. ಅದರ ಫಲವೆಂದರೆ ಮಗುವು ಬಾಯಿ ತೆರೆಯಲು ಅಂಜುವುದು ಮಾತ್ರ.

ಪ್ರೌಢಶಾಲೆಯ ಉಪಾಧ್ಯಾಯರು ಇದನ್ನು ಒಂದು ಸೊಗಸಾದ ಪ್ರಯೋಗವನ್ನಾಗಿ ಮಾಡಬಹುದು. ಬಾ, ಹೋಗು, ನೋಡು, ಕೊಡು, ಇರು ಎಂಬ ಐದು ಧಾತುಗಳನ್ನು ಆರಿಸಿಕೊಂಡು, ಅಜ್ಜಿಯು ಹೇಗೆ ಮುಗಿಸುತ್ತಾಳೆ, ತಂದೆಯು ಹೇಗೆ ಮುಗಿಸುತ್ತಾನೆ, ಬೇರೆ ಊರಿನಿಂದ ಬಂದ ಸೊಸೆಯು ಹೇಗೆ ಮುಗಿಸುತ್ತಾಳೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದು ತರಲಿ. ಊರಿನ ಹೆಸರು, ಆಡಿದವರ ವಯಸ್ಸು ಇವೆರಡನ್ನೂ ಪಕ್ಕದಲ್ಲಿ ನಮೂದಿಸಲಿ. ಬಳಿಕ ಅವನ್ನೆಲ್ಲ ಕರಿಹಲಗೆಯ ಮೇಲೆ ಹಳಗನ್ನಡದ ರೂಪಗಳ ಪಕ್ಕದಲ್ಲಿ ಬರೆದು ನೋಡಲಿ. ಇದಕ್ಕೆ ಉಪಕರಣವೇನೂ ಬೇಡ, ಒಂದು ನೋಟುಬುಕ್ಕು ಸಾಕು. ಶಾಸನದ ಕಲ್ಲಿನಲ್ಲಿ ಹುಡುಕುವ ಚರಿತ್ರೆಯು ತಮ್ಮ ಮನೆಯ ಜಗಲಿಯ ಮೇಲೂ ಕುಳಿತಿದೆ ಎಂಬುದು ಆಗ ವಿದ್ಯಾರ್ಥಿಗಳಿಗೆ ತಾನಾಗಿಯೇ ತಿಳಿಯುವುದು.